ನಾಲಿಗೆ ತುಂಬ ಹಲ್ಲು

ಮಲ್ಪೆಯೋ ಕಾರವಾರವೋ, ಕಡಲ ದಂಡೆಯಲ್ಲಿ ಕಪ್ಪೆಚಿಪ್ಪು ಆಯ್ದವರು ಈ ತೂತನ್ನು ನೋಡಿಯೇ ಇರುತ್ತಾರೆ. ಒಂದೆರಡು ಮಿಲಿಮೀಟರ್ ಅಗಲ, ಎಲ್ಲೂ ಸೀಳಿಲ್ಲದ ದುಂಡು. ದಾರ ಪೋಣಿಸಲು ಸಲೀಸೆಂದು ಮಕ್ಕಳು ಅಂಥವನ್ನೇ ಹುಡುಕುವುದುಂಟು. ತೂತು ಹೊರಗೆ ಅಗಲವಾಗಿದ್ದು ಒಳಕ್ಕೆ ಹೋದಂತೆ ಕಿರಿದಾಗಿದ್ದರೆ, ಅದು ಬಹುಮಟ್ಟಿಗೆ ನ್ಯಾಟಿಕಾ ಬಳಗದ ಶಂಖದಹುಳುವಿನ ಕೆಲಸ. ಮರಳೊಳಗೆ ನುಸುಳಿ, ಅಗಲವಾದ ಪಾದದಿಂದ ಕಪ್ಪೆಚಿಪ್ಪನ್ನು ಅಮುಕಿ ಹಿಡಿದು, ಆಮ್ಲ ಒಸರಿಸಿ ಚಿಪ್ಪಿನ ಸುಣ್ಣವನ್ನು ಮೆತ್ತಗೆ ಮಾಡುತ್ತದೆ. ಮೆತ್ತಗಾದಷ್ಟನ್ನು ನಾಲಿಗೆಯಿಂದ ಕೆರೆಯುತ್ತದೆ. ಮತ್ತೆ ಆಮ್ಲ, ಮತ್ತೆ ಕೆರೆತ. ಗಂಟೆಗಟ್ಟಲೆ, ಚಿಪ್ಪು ದಪ್ಪಗಿದ್ದರೆ ದಿನಗಟ್ಟಲೆ ಹಿಡಿಯುವ ಕೆಲಸ. ತೂತು ಬಿದ್ದ ಮೇಲೆ ಸೊಂಡಿಲು ಇಳಿಸಿ ಒಳಗಿನ ಮಾಂಸವನ್ನು ಮುಗಿಸುತ್ತದೆ.

ಆ ನಾಲಿಗೆಯ ಹೆಸರು ರ್‍ಯಾಡ್ಯುಲಾ. ಕೈಟಿನ್ ಪಟ್ಟಿಯೊಂದರ ಮೇಲೆ ಸಾಲುಸಾಲಾಗಿ ಹಲ್ಲುಗಳು, ತುರಿಮಣೆಯನ್ನೇ ಬಾಯೊಳಗೆ ಇಟ್ಟುಕೊಂಡ ಹಾಗೆ. ಮುಂದಿನ ಸಾಲು ಸವೆದು ಉದುರಿದಂತೆ ಹಿಂದಿನಿಂದ ಹೊಸದು ಬೆಳೆದು ಬರುತ್ತದೆ. ಇದು ಮೃದ್ವಂಗಿಗಳ ಸ್ವಂತ ಆಸ್ತಿ, ಬೇರೆ ಯಾವ ಪ್ರಾಣಿಗೂ ಇಲ್ಲ. ಕೀಟ, ಏಡಿಗಳ ಸಂಧಿಪದಿ ವಂಶ ಬಿಟ್ಟರೆ ಪ್ರಾಣಿಲೋಕದಲ್ಲಿ ದೊಡ್ಡ ಬಳಗ ಇವುಗಳದ್ದೇ: 70 ಸಾವಿರಕ್ಕೂ ಹೆಚ್ಚು ಪ್ರಭೇದಗಳು. ಮೆದು ಮೈ, ಮಾಂಸಲ ಪಾದ, ಚಿಪ್ಪು ಎಂದು ಪಠ್ಯಪುಸ್ತಕ ಲಕ್ಷಣ ಹೇಳಿ ಮುಗಿಸುತ್ತದೆ. ನನ್ನನ್ನು ಕೇಳಿದರೆ, ಇವುಗಳ ಜಾಣತನವೆಲ್ಲ ಇರುವುದು ನಾಲಿಗೆಯಲ್ಲಿ.

ಮಳೆಗಾಲದಲ್ಲಿ ಕೊಡಗಿನ ಕಾಫಿ ತೋಟಗಳಿಗೆ ಲಗ್ಗೆಯಿಡುವ ಆಫ್ರಿಕನ್ ದೈತ್ಯ ಬಸವನಹುಳು ಎಲೆ, ತೊಗಟೆ ಕೆರೆಯುವುದು ಇದರಿಂದಲೇ. ಚಿಪ್ಪು ಕಟ್ಟಲು ಸುಣ್ಣ ಸಾಲದಿದ್ದರೆ ಮನೆಯ ಗೋಡೆಯನ್ನೂ ಅದು ಬಿಡುವುದಿಲ್ಲ. ಕಡಲ ಬಂಡೆಯ ಪಾಚಿ ತಿನ್ನುವ ಕೈಟನ್ ಎಂಬ ಜೀವಿಯ ಹಲ್ಲಿಗೆ ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಅದಿರಿನ ಲೇಪ! ಮೀನು ಮಾರುಕಟ್ಟೆಯ ಬೊಂಡಾಸ್‌ಗೂ ಕೊಕ್ಕಿನ ಹಿಂದೆ ಇದೇ ಪಟ್ಟಿಯಿದೆ. ಕಪ್ಪೆಚಿಪ್ಪು ಮಾತ್ರ ನೀರು ಸೋಸಿ ಹೊಟ್ಟೆ ಹೊರೆಯುವ ದಾರಿ ಹಿಡಿದು ತಲೆಯನ್ನೂ ಕಳೆದುಕೊಂಡಿತು, ನಾಲಿಗೆಯನ್ನೂ.

ಎಲ್ಲರನ್ನೂ ಮೀರಿಸಿದ್ದು ಕೋನ್ ಶಂಖ. ಅದರ ಒಂದೊಂದು ಹಲ್ಲೂ ಸುರುಳಿ ಸುತ್ತಿಕೊಂಡು ಟೊಳ್ಳು ಈಟಿಯಾಗಿದೆ. ಬೇಟೆಗೆ ಒಂದನ್ನು ಸೊಂಡಿಲ ತುದಿಗೆ ತಂದು, ವಿಷ ತುಂಬಿ ಚುಚ್ಚುತ್ತದೆ. ಮೀನು ಹಿಡಿಯುವ ಜಾತಿಗಳಲ್ಲಿ ವಿಷ ಎಷ್ಟು ಚುರುಕೆಂದರೆ, ಮೀನಿಗೆ ಈಜಿ ಪಾರಾಗಲು ಪುರುಸೊತ್ತಿರುವುದಿಲ್ಲ. ಒಮ್ಮೆ ಬಳಸಿದ ಹಲ್ಲನ್ನು ಮತ್ತೆ ಮುಟ್ಟುವುದಿಲ್ಲ. ಕೋನಸ್ ಮ್ಯಾಗಸ್ ಎಂಬ ಪ್ರಭೇದದ ವಿಷ ನೋಡಿ ರೂಪಿಸಿದ ನೋವುನಿವಾರಕ ಜೈಕೊನೊಟೈಡ್‌ಗೆ 2004ರಲ್ಲಿ ಅಮೆರಿಕದಲ್ಲಿ ಮಂಜೂರಾತಿ ಸಿಕ್ಕಿತು. ಮಾತ್ರೆ ನುಂಗಿದರೆ ಆಗದು, ಬೆನ್ನುಹುರಿಯ ಸುತ್ತಲಿನ ದ್ರವಕ್ಕೇ ಹಾಯಿಸಬೇಕು.

ಕೋನಸ್ ಮ್ಯಾಗಸ್‌ನ ಬಂಧು ಕೋನಸ್ ಜಿಯೊಗ್ರಾಫಸ್ ಚುಚ್ಚಿ ಮನುಷ್ಯರು ಸತ್ತದ್ದಿದೆ, ಪ್ರತಿವಿಷ ಇಲ್ಲ. ಲಕ್ಷದ್ವೀಪಕ್ಕೋ ಅಂಡಮಾನಿಗೋ ಹೋದಾಗ ನೀರಿನಲ್ಲಿ ಚಿತ್ತಾರದ ಶಂಖ ಕಂಡರೆ ಫೋಟೊ ತೆಗೆದುಕೊಳ್ಳಿ. ಕೈಗೆತ್ತಿಕೊಳ್ಳಬೇಡಿ, ಜೇಬಿಗಂತೂ ಖಂಡಿತ ಬೇಡ.