ಬೈಕ್ ಕೀ ನನ್ನ ಬ್ಯಾಗಲ್ಲಿದೆ

ತಮ್ಮನಿಗೆ ಬೆಂಗಳೂರಲ್ಲಿ ಕೆಲಸ ಸಿಕ್ತು, ನನ್ನ ರೂಮಿಗೇ ಬಂದ. ಮೂರೇ ತಿಂಗಳು. ಒಂದು ರಾತ್ರಿ ಬಾಲ್ಕನಿಯಿಂದ ಗಾಂಜಾ ವಾಸನೆ. ಕೇಳಿದ್ದಕ್ಕೆ, "ಇದು ಗಿಡ ಕಣಕ್ಕ, ಸಿಗರೇಟಿಗಿಂತ ವಾಸಿ" ಅಂದ. ಚೆನ್ನಾಗಿ ಬೈದೆ. ಮಾರನೇ ದಿನದಿಂದ ಹೊರಗೆ ಸೇದಿ ಬೈಕ್ ಓಡಿಸಿಕೊಂಡು ಬರೋಕೆ ಶುರು ಮಾಡಿದ. ನನ್ನ ಬೈಗುಳದ ಲಾಭ ಇಷ್ಟೇ!

ಆಮೇಲೆ ಧಾಟಿ ಬದಲಿಸಿದೆ. "ಬಿಡು ಅಂತ ಇವತ್ತೇ ಹೇಳಲ್ಲ. ಸೇದೋ ದಿನ ಗಾಡಿ ಬೇಡ, ಆಟೋ ದುಡ್ಡು ನಂದು." ಶನಿವಾರ ಕೀ ಕೊಟ್ಟು ಹೋಗೋದು ರೂಢಿಯಾಯ್ತು. ಕುಡಿತದ ಜೊತೆ ಬೆರೆಸಬೇಡ ಅಂದೆ. ಪಾರ್ಟಿಯ ಗಾಂಜಾ ಬ್ರೌನಿ ಬಗ್ಗೆಯೂ ಹೇಳಿದೆ: ಅದು ಏರೋಕೆ ಒಂದೆರಡು ಗಂಟೆ ಬೇಕು, 'ಏನೂ ಆಗ್ಲಿಲ್ಲ' ಅಂತ ಇನ್ನೊಂದು ತುಂಡು ತಿಂದವರೇ ಒದ್ದಾಡೋದು.

ಕಷ್ಟವಾದದ್ದು ದೊಡ್ಡಪ್ಪನ ಮಾತು. ಅವರಿಗೆ ಸ್ಕಿಜೋಫ್ರೇನಿಯಾ ಇತ್ತು. ಮನೆಯಲ್ಲಿ ಯಾರೂ ಬಾಯಿ ಬಿಡಲ್ಲ. ಇಂಥ ಕುಟುಂಬದವರು ಗಾಂಜಾ ಸೇದಿದರೆ ಇಲ್ಲದ ದನಿ ಕೇಳಿಸುವಂಥ ಕಾಯಿಲೆಯ ಅಪಾಯ ಹೆಚ್ಚು. ಎಲ್ಲಾ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಮೊದಲೇ ಯಾಕೆ ಹೇಳ್ಲಿಲ್ಲ?" ಅಂದ.

ಸಹಾಯ ಕೇಳೋಕೆ ಪೊಲೀಸ್ ಭಯ. 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಗಾಂಜಾ ಸೇದೋದು ಅಪರಾಧವೇ. ಆದರೆ ತಾನಾಗಿ ಚಿಕಿತ್ಸೆಗೆ ಹೋಗುವ ವ್ಯಸನಿಗೆ, ಸಣ್ಣ ಪ್ರಮಾಣದ ಪ್ರಕರಣದಲ್ಲಿ, ಅದರದೇ 64ಎ ಸೆಕ್ಷನ್ ರಕ್ಷಣೆ ಕೊಡುತ್ತೆ. ಟೆಲಿ ಮಾನಸ್ 14416ಕ್ಕೆ ಅವನೇ ಫೋನ್ ಮಾಡಿದ, ಕನ್ನಡದಲ್ಲೇ ಮಾತಾಡಿದ್ರು.

ಈಗ ಹನ್ನೆರಡನೇ ದಿನ. ನಿದ್ದೆ ಸರಿಯಿಲ್ಲ, ಸಿಡಿಮಿಡಿ. ಕೀ ಇನ್ನೂ ವಾಪಸ್ ಕೇಳಿಲ್ಲ.