ಯಾವ ಕ್ಯಾಮರಾ, ಯಾವ ಮಸೂರ?

ಛಾಯಾಗ್ರಹಣವನ್ನು ಕಲಿಯಲೆಳಸುವ ವಿದ್ಯಾರ್ಥಿಗಳು ಮೊಟ್ಟಮೊದಲು ಕೇಳುವ ಪ್ರಶ್ನೆ ‘ಯಾವ ಕ್ಯಾಮರಾ ಕೊಳ್ಳಬೇಕು?’ ಎಂಬುದು. ಭೌತವಿಜ್ಞಾನದ ದೃಷ್ಟಿಯಿಂದ ನೋಡಿದರೆ ಈ ಪ್ರಶ್ನೆ ಕೊನೆಗೆ ಬರತಕ್ಕದ್ದು. ಕ್ಯಾಮರಾ ಎಂದರೆ ಬೆಳಕು ನುಸುಳದ ಒಂದು ಪೆಟ್ಟಿಗೆ. ಬಿಂಬವನ್ನು ಮೂಡಿಸುವುದು ಮಸೂರ, ಎಂದರೆ ಲೆನ್ಸು. ಅದನ್ನು ಹಿಡಿದಿಡುವುದು ಫಿಲ್ಮು, ಅಥವಾ ಈಚಿನ ಕ್ಯಾಮರಾಗಳಲ್ಲಿರುವ ಸಂವೇದಕ. ಮಸೂರವನ್ನಾದರೋ, ಚಿತ್ರಿಸಬೇಕಾದ ವಸ್ತು ಯಾವುದು, ಅದರ ಮೇಲೆ ಬೀಳುವ ಬೆಳಕೆಷ್ಟು ಎಂಬುದನ್ನು ಅರಿಯದೆ ಆರಿಸಲಾಗದು. ಕೈಯಲ್ಲಿರುವ ಹಣ ಅಲ್ಪವಾಗಿದ್ದಾಗಲಂತೂ ಈ ವಿಚಾರ ಮೊದಲೇ ಆಗಬೇಕು.

ಬೆಳಗಾವಿ ಜಿಲ್ಲೆಯ ನಮ್ಮ ಗಡಿ ತಾಲೂಕುಗಳಿಂದಲೇ ಎರಡು ಉದಾಹರಣೆಗಳನ್ನು ತೆಗೆದುಕೊಳ್ಳೋಣ. ಒಂದು, ಅಥಣಿಯ ಕಡೆ ಚರ್ಮದ ಚಪ್ಪಲಿ ಹೊಲಿಯುವ ಕುಶಲಕರ್ಮಿಯ ಮನೆ. ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಈ ಚಪ್ಪಲಿಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಾಗ, ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿಯೂ ಸೇರಿದಂತೆ ಕರ್ನಾಟಕದ ನಾಲ್ಕು ಜಿಲ್ಲೆಗಳು ಅದರಲ್ಲಿ ಪಾಲು ಪಡೆದವು. ಚಪ್ಪಲಿಯ ಚಿತ್ರಗಳು ಬೇಕಾದಷ್ಟಿವೆ. ಹೊಲಿಯುವ ಕೈಗಳ ಒಳ್ಳೆಯ ಚಿತ್ರ ವಿರಳ. ಎರಡನೆಯದು, ರಾಯಬಾಗ ತಾಲೂಕಿನ ಕುಡಚಿಗೂ ಕಾಗವಾಡ ತಾಲೂಕಿನ ಉಗಾರಕ್ಕೂ ನಡುವೆ ಹರಿಯುವ ಕೃಷ್ಣೆಯ ದಂಡೆ, ಅಲ್ಲಿ ಓಡಾಡುವ ಟಿಟ್ಟಿಭ ಪಕ್ಷಿ.

ಮೊದಲು ಬೆಳಕಿನ ಲೆಕ್ಕ. ಮಸೂರದ ಸಂಗಮದೂರವನ್ನು ಅದರ ದ್ವಾರದ ವ್ಯಾಸದಿಂದ ಭಾಗಿಸಿದಾಗ ಬರುವ ಸಂಖ್ಯೆಗೆ ಎಫ್ ಸಂಖ್ಯೆ ಎಂದು ಹೆಸರು. ಈ ಸಂಖ್ಯೆ ಕಿರಿದಾದಷ್ಟೂ ದ್ವಾರ ಹಿರಿದು. ನಿಚ್ಚಳವಾದ ಹಗಲ ಬಿಸಿಲಿನಲ್ಲಿ ಐ.ಎಸ್.ಓ. ೧೦೦ ವೇಗದ ಫಿಲ್ಮಿಗೆ ಎಫ್/೧೬ ದ್ವಾರವೂ ಸೆಕೆಂಡಿನ ನೂರನೆಯ ಒಂದು ಭಾಗದಷ್ಟು ಕಾಲವೂ ಸಾಕೆಂಬುದು ಛಾಯಾಗ್ರಾಹಕರ ಹಳೆಯ ಸೂತ್ರ. ಬಾಗಿಲೊಂದರಿಂದಲೇ ಬೆಳಕು ಬರುವ ಮನೆಯೊಳಗೆ ಅದು ಬಿಸಿಲಿನ ಇನ್ನೂರೈವತ್ತನೆಯ ಒಂದಂಶಕ್ಕೆ ಇಳಿಯುವುದು ಅಪರೂಪವಲ್ಲ. ನಮ್ಮ ಕಣ್ಣು ತಾನಾಗಿ ಹೊಂದಿಕೊಳ್ಳುವುದರಿಂದ ಈ ಕೊರತೆ ನಮಗೆ ತೋರದು, ಫಿಲ್ಮಿಗೆ ತೋರುತ್ತದೆ.

ಕೊರತೆಯನ್ನು ತುಂಬುವ ಬಗೆ ಹೀಗೆ. ಎಫ್/೧೬ರ ಬದಲು ಎಫ್/೨ಕ್ಕೆ ತೆರೆದರೆ ದ್ವಾರದ ವ್ಯಾಸ ೮ ಪಟ್ಟು, ವಿಸ್ತೀರ್ಣ ೬೪ ಪಟ್ಟು ಹೆಚ್ಚುವುದು. ಐ.ಎಸ್.ಓ. ೪೦೦ರ ಫಿಲ್ಮು ಹಾಕಿದರೆ ಇನ್ನು ೪ ಪಟ್ಟು ಲಾಭ. ಎರಡನ್ನೂ ಗುಣಿಸಿದರೆ ೨೫೬. ಆದುದರಿಂದ ಹೊರಗಿನ ಬಿಸಿಲಿಗೆ ಸಾಕಾದ ಅದೇ ನೂರನೆಯ ಒಂದು ಸೆಕೆಂಡಿನಲ್ಲಿ ಒಳಗೂ ಚಿತ್ರ ದೊರೆಯುವುದು. ದಬ್ಬಳ ಹಿಡಿದ ಕೈ ಮಸುಕಾಗದು. ಎಫ್/೫.೬ಕ್ಕಿಂತ ಹೆಚ್ಚು ತೆರೆಯದ ಮಸೂರಕ್ಕಾದರೆ ಇದೇ ಚಿತ್ರಕ್ಕೆ ೮ ಪಟ್ಟು ಕಾಲ ಬೇಕು. ಅಷ್ಟರಲ್ಲಿ ಕೈ ಒಂದು ಹೊಲಿಗೆಯಷ್ಟು ಸರಿದಿರುತ್ತದೆ. ಹಿಂದಿನ ತಲೆಮಾರಿನ ಮನೆಗಳಲ್ಲಿದ್ದ, ಬರೋಡದಲ್ಲಿ ತಯಾರಾದ ಆಗ್ಫಾ ಕ್ಲಿಕ್-೩ರಂಥ ಸರಳ ಕ್ಯಾಮರಾಗಳು ಅಂಗಳದ ಬಿಸಿಲಿಗೆಂದೇ ಮಾಡಿದವು. ಮನೆಯೊಳಗಣ ಚಿತ್ರಗಳು ಹಳೆಯ ಆಲ್ಬಮುಗಳಲ್ಲಿ ಕಡಮೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು.

ನಮ್ಮ ಜೇಬಿನ ಫೋನಿನಲ್ಲಿಯೂ ಎಫ್/೧.೮ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಆದರೆ ೫ ಮಿ.ಮೀ. ಸಂಗಮದೂರದ ಮಸೂರದಲ್ಲಿ ಎಫ್/೧.೮ ಎಂದರೆ ಮೂರು ಮಿ.ಮೀ.ಗೂ ಕಡಮೆ ವ್ಯಾಸದ ಕಿಂಡಿ, ೫೦ ಮಿ.ಮೀ. ಮಸೂರದಲ್ಲಿ ಅದು ೨೮ ಮಿ.ಮೀ. ವಿಸ್ತೀರ್ಣದಲ್ಲಿ ನೂರು ಪಟ್ಟು ವ್ಯತ್ಯಾಸ. ಫೋನು ಈ ಬಡತನವನ್ನು ಗಣನೆಯ ಚಾತುರ್ಯದಿಂದ ಬಹುಮಟ್ಟಿಗೆ ಮರೆಮಾಚುತ್ತದೆ, ನಿಜ.

ಈಗ ನದಿಯ ದಂಡೆಗೆ ಬರೋಣ. ಇಲ್ಲಿ ಬೆಳಕಿಗೆ ಬರವಿಲ್ಲ, ದೂರವೇ ತೊಡಕು. ದೂರದ ವಸ್ತುವಿನ ಬಿಂಬದ ಗಾತ್ರವನ್ನು ತಿಳಿಯಲು ವಸ್ತುವಿನ ಗಾತ್ರವನ್ನು ಸಂಗಮದೂರದಿಂದ ಗುಣಿಸಿ, ಅಂತರದಿಂದ ಭಾಗಿಸಬೇಕು. ೩೦ ಸೆಂ.ಮೀ. ಉದ್ದದ ಟಿಟ್ಟಿಭ ೨೦ ಮೀಟರು ದೂರದಲ್ಲಿದ್ದರೆ ೫೦ ಮಿ.ಮೀ. ಮಸೂರ ಮೂಡಿಸುವ ಬಿಂಬ ಮುಕ್ಕಾಲು ಮಿ.ಮೀ. ಮಾತ್ರ. ೩೬ ಮಿ.ಮೀ. ಅಗಲದ ಫಿಲ್ಮಿನಲ್ಲಿ ಅದೊಂದು ಚುಕ್ಕೆ. ೩೦೦ ಮಿ.ಮೀ. ಮಸೂರದಲ್ಲಿ ನಾಲ್ಕೂವರೆ ಮಿ.ಮೀ. ಆಗುವುದು. ಬಿಸಿಲಿರುವುದರಿಂದ ಈ ಮಸೂರಕ್ಕೆ ಎಫ್/೫.೬ ಧಾರಾಳವಾಯಿತು, ಹೆಚ್ಚು ತೆರೆಯುವ ದುಬಾರಿ ಮಸೂರ ಇಲ್ಲಿ ಅನಾವಶ್ಯಕ. ಇನ್ನೊಂದು ಮಾತು. ಅಂತರವನ್ನು ಅರ್ಧಕ್ಕಿಳಿಸಿದರೆ ಬಿಂಬ ಇಮ್ಮಡಿಯಾಗುತ್ತದೆ, ಒಂದು ಕಾಸೂ ಖರ್ಚಿಲ್ಲದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರಂಥವರ ಹಕ್ಕಿಚಿತ್ರಗಳಲ್ಲಿ ಮಸೂರದಷ್ಟೇ ಕಾದು ಕುಳಿತ ತಾಳ್ಮೆಯೂ ಕಾಣುತ್ತದೆ. ಗೂಡುಕಟ್ಟುವ ಕಾಲದಲ್ಲಿ ಮಾತ್ರ ಹತ್ತಿರ ಸುಳಿಯಬಾರದು.

ಒಂದೇ ಮಸೂರ ಎರಡಕ್ಕೂ ಒದಗದು. ಒಂದನ್ನೇ ಕೊಳ್ಳಬಲ್ಲ ವಿದ್ಯಾರ್ಥಿಗೆ ನಾನು ಹೇಳುವುದು ೫೦ ಮಿ.ಮೀ., ಎಫ್/೧.೮. ಬೆಲೆ ಕಡಮೆ, ಕಲಿಸುವುದು ಬಹಳ.

ಫಿಲ್ಮಿನ ವಿಷಯ. ೧೯೬೦ರಲ್ಲಿ ಸ್ಥಾಪಿತವಾದ ಉದಕಮಂಡಲದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ‘ಇಂದು’ ಎಂಬ ಹೆಸರಿನ ಫಿಲ್ಮನ್ನು ಮಾರುತ್ತಿತ್ತು, ಅದು ಮುಚ್ಚಿಹೋಗಿದೆ. ಇಂದು ದೊರೆಯುವುದು ಹೊರದೇಶದ ಫಿಲ್ಮು, ಬೆಲೆಯೂ ಅದಕ್ಕೆ ತಕ್ಕಂತೆ. ಆದಕಾರಣ ಬೆಳಕಿನ ಲೆಕ್ಕವನ್ನು ಡಿಜಿಟಲ್ ಕ್ಯಾಮರಾದಲ್ಲಿ ಕಲಿತು, ಬಳಿಕ ಕಪ್ಪು-ಬಿಳುಪು ಫಿಲ್ಮಿಗೆ ಕೈಹಾಕುವುದು ಮೇಲು. ಫಿಲ್ಮು ಕೊಳ್ಳುವಾಗ ‘ಪ್ಯಾಂಕ್ರೊಮ್ಯಾಟಿಕ್’ ಎಂಬ ಮಾತನ್ನು ಹುಡುಕಬೇಕು. ‘ಆರ್ಥೊಕ್ರೊಮ್ಯಾಟಿಕ್’ ಫಿಲ್ಮು ಕೆಂಪನ್ನು ಕಾಣದು. ಅಥಣಿಯ ಕಂದು ಚರ್ಮವೂ ನಿಪ್ಪಾಣಿಯ ಒಣಗಿದ ತಂಬಾಕೂ ಅದರಲ್ಲಿ ಕಪ್ಪುಗಟ್ಟುವುವು. ಚಿಕ್ಕೋಡಿಯ ಕಬ್ಬಿನ ಗದ್ದೆಗಳ ಮೇಲೆ ತೇಲುವ ಬಿಳಿಮುಗಿಲು ಎದ್ದುಕಾಣಬೇಕೆಂದರೆ ಮಸೂರದ ಮುಂದೆ ಹಳದಿ ಗಾಜನ್ನು ಇಡಬೇಕು. ಅದು ನೀಲಿ ಕಿರಣಗಳನ್ನು ಹೀರಿ ಆಕಾಶವನ್ನು ಕಪ್ಪಾಗಿಸುವುದು.

ನಮ್ಮ ಸೀಮೆಯ ಬೇಸಗೆಯನ್ನು ಮರೆಯುವಂತಿಲ್ಲ. ಫಿಲ್ಮನ್ನು ಸಂಸ್ಕರಿಸುವ ದ್ರಾವಣಗಳಿಗೆ ಹೇಳಿರುವ ಕಾಲ ಸಾಮಾನ್ಯವಾಗಿ ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ. ಏಪ್ರಿಲಿನಲ್ಲಿ ಮಾಳಿಗೆಯ ತೊಟ್ಟಿಯ ನೀರು ಮೂವತ್ತನ್ನೂ ಮೀರುತ್ತದೆ. ಉಷ್ಣತೆ ಏರಿದರೆ ರಾಸಾಯನಿಕ ಕ್ರಿಯೆ ತ್ವರಿತವಾಗಿ, ಜಿಲೆಟಿನ್ ಪದರ ಮೆತ್ತಗಾಗಿ ಗೀರು ಬೀಳುವುದು. ದ್ರಾವಣದ ಸೀಸೆಯನ್ನು ಮಣ್ಣಿನ ಮಡಕೆಯ ನೀರಿನಲ್ಲಿ ಇಳಿಬಿಟ್ಟರೆ ಆವೀಕರಣದಿಂದ ಅದು ತಕ್ಕಷ್ಟು ತಣಿಯುವುದು. ೨೪ ಡಿಗ್ರಿಗೆ ಇಳಿದರೆ ಹೇಳಿದ ಕಾಲದ ಸುಮಾರು ಹತ್ತರಲ್ಲಿ ಏಳು ಭಾಗ ಸಾಕು.

ಹಳೆಯ ಮಸೂರವನ್ನು ಕೊಳ್ಳುವವರು ಅದರ ಹಿಂಬದಿಯಿಂದ ಬ್ಯಾಟರಿ ದೀಪ ಹಾಯಿಸಿ ಮುಂಬದಿಯಿಂದ ನೋಡಬೇಕು. ಜೇಡರಬಲೆಯಂಥ ಬಿಳಿ ಎಳೆಗಳು ಕಂಡರೆ ಅದು ಮಳೆಗಾಲದ ತೇವಕ್ಕೆ ಹುಟ್ಟಿದ ಬೂಷ್ಟು. ಗಾಜಿನ ಲೇಪವನ್ನು ಅದು ತಿಂದಿದ್ದರೆ ಒರೆಸಿದರೂ ಹೋಗದು. ಅಂಥ ಮಸೂರ ಅಗ್ಗವಾಗಿ ಬಂದರೂ ಬೇಡ.