ಗೋಡೆ ದಾಟಿ ಬರುವ ವ್ಯಾಪಾರ

ಬೆಂಗಳೂರಿನ ಹಳೆಯ ಬಡಾವಣೆಯೊಂದರ ಅಡ್ಡರಸ್ತೆಯನ್ನು ಕಣ್ಣಮುಂದೆ ತಂದುಕೊಳ್ಳಿ. ರಸ್ತೆಯ ಅಗಲ 30 ಅಡಿ. ಎರಡೂ ಬದಿಗೆ 30×40ರ ಸೈಟುಗಳು. ಮೊದಲ ಮನೆಯ ಕಿಟಕಿಯಲ್ಲಿ ‘ಫಾಲ್, ಪಿಕೋ, ಬ್ಲೌಸ್ ಹೊಲಿಗೆ’ ಎಂದು ಬರೆದ ರಟ್ಟು ತೂಗಾಡುತ್ತಿದೆ. ಎದುರುಮನೆಯ ಹಿತ್ತಿಲಲ್ಲಿ ಚಕ್ಕುಲಿ, ಕೋಡುಬಳೆ ಕರಿಯುತ್ತಾರೆ. ಮೂಲೆಮನೆಯ ಕಾರ್ ಶೆಡ್ಡಿನಲ್ಲಿ ಹಿಟ್ಟಿನ ಗಿರಣಿ. ಅದರ ಪಕ್ಕದ ಮನೆಯ ಮಹಡಿಯಲ್ಲಿ ಹುಡುಗನೊಬ್ಬ ಹೆಡ್‌ಫೋನ್ ಸಿಕ್ಕಿಸಿಕೊಂಡು ದೂರದ ಯಾವುದೋ ಕಂಪನಿಯ ಲೆಕ್ಕ ಬರೆಯುತ್ತಾನೆ. ನಾಲ್ಕು ಕಡೆಯೂ ನಡೆಯುವುದು ಸಂಪಾದನೆಯೇ. ಆದರೆ ಬೀದಿಯವರು ಸೇರಿ ದೂರು ಬರೆದರೆ ಅದು ಗಿರಣಿಯ ಮೇಲೆ. ಚಕ್ಕುಲಿಯ ಬಗ್ಗೆ ಗೊಣಗಾಟ ಇರಬಹುದು. ಹೊಲಿಗೆಯ ಬಗ್ಗೆ, ಹುಡುಗನ ಬಗ್ಗೆ ಯಾರಿಗೂ ತಕರಾರಿಲ್ಲ.

ಹೀಗೇಕೆ ಎಂಬುದಕ್ಕೆ ಉತ್ತರ ಕಾನೂನಿನ ಪುಸ್ತಕಕ್ಕಿಂತ ಮೊದಲು ಭೌತಶಾಸ್ತ್ರದ ಪುಸ್ತಕದಲ್ಲಿ ಸಿಗುತ್ತದೆ. ಗಿರಣಿಯ ಸದ್ದು ಗೋಡೆ ದಾಟುತ್ತದೆ, ಹೊಲಿಗೆ ಯಂತ್ರದ್ದು ದಾಟುವುದಿಲ್ಲ. ಮನೆಯಲ್ಲೇ ವ್ಯಾಪಾರ ಮಾಡುವವರಿಗೆ ಹಾಕಿರುವ ವಲಯ ನಿಯಮಗಳ ಒಳಗೆಲ್ಲ ಇರುವ ಪ್ರಶ್ನೆ ಇದೇ: ಒಳಗೆ ನಡೆಯುವುದರಲ್ಲಿ ಎಷ್ಟು ಹೊರಗೆ ಬರುತ್ತದೆ? ವಿಚಿತ್ರವೆಂದರೆ ನಿಯಮ ಪುಸ್ತಕದಲ್ಲಿ ಈ ಪ್ರಶ್ನೆ ಹೆಚ್ಚಾಗಿ ಕಾಣಿಸುವುದಿಲ್ಲ. ಅಲ್ಲಿರುವುದು ಚದರ ಮೀಟರು, ರಸ್ತೆಯ ಅಗಲ, ವೃತ್ತಿಗಳ ಪಟ್ಟಿ. ಸದ್ದು, ಹೊಗೆ, ದಟ್ಟಣೆಯನ್ನು ತಡೆಯಲು ಹೊರಟ ನಿಯಮ ಟೇಪು ಹಿಡಿದು ನಿಂತದ್ದು ಹೇಗೆ?

ಮನೆ ಒಂದು ಕಡೆ, ದುಡಿಮೆ ಇನ್ನೊಂದು ಕಡೆ ಎಂಬುದು ನಮ್ಮಲ್ಲಿ ಹಳೆಯ ರೂಢಿಯೇನಲ್ಲ. ಬೆಂಗಳೂರು ಪೇಟೆಯ ಹೆಸರುಗಳನ್ನೇ ನೋಡಿ: ಅಕ್ಕಿಪೇಟೆ, ರಾಗಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ. ಮುಂದೆ ಅಂಗಡಿ, ಹಿಂದೆಯೋ ಮೇಲೆಯೋ ಸಂಸಾರ. ಇಳಕಲ್ಲಿನ ನೇಕಾರರ ಮನೆಯಲ್ಲಿ ಮಗ್ಗ ಮನೆಯ ಒಂದು ಭಾಗ. ದಕ್ಷಿಣ ಕನ್ನಡದ ಹೆಂಗಸರು ಜಗಲಿಯಲ್ಲಿ ಕೂತು ಬೀಡಿ ಕಟ್ಟಿಯೇ ಮಕ್ಕಳನ್ನು ಓದಿಸಿದ್ದಾರೆ.

ಬೇರ್ಪಡಿಸುವ ಯೋಚನೆ ಬಲವಾದದ್ದು ಉಗಿಯಂತ್ರ ಬಂದ ಮೇಲೆ. 1810ರಲ್ಲಿ ನೆಪೋಲಿಯನ್ನನ ಫ್ರಾನ್ಸು ದುರ್ವಾಸನೆಯ, ಅಪಾಯದ ಕಸುಬುಗಳನ್ನು ಮೂರು ವರ್ಗ ಮಾಡಿ, ಮೊದಲ ವರ್ಗದವು ಮನೆಗಳಿಂದ ದೂರ ಇರಬೇಕೆಂದಿತು. 1926ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಓಹಿಯೋ ರಾಜ್ಯದ ಯೂಕ್ಲಿಡ್ ಎಂಬ ಪುಟ್ಟ ಊರಿನ ಪ್ರಕರಣದಲ್ಲಿ ವಲಯ ನಿಯಮಗಳನ್ನು ಎತ್ತಿಹಿಡಿಯಿತು. ಸರಿಯಾದ ವಸ್ತುವೇ ತಪ್ಪು ಜಾಗದಲ್ಲಿದ್ದರೆ ಉಪದ್ರವವಾಗುತ್ತದೆ ಎಂದ ನ್ಯಾಯಮೂರ್ತಿ ಸದರ್‌ಲ್ಯಾಂಡ್, ದೊಡ್ಡಿಯಲ್ಲಿರಬೇಕಾದ ಹಂದಿ ನಡುಮನೆಗೆ ಬಂದ ಹೋಲಿಕೆ ಕೊಟ್ಟರು. ವಲಯ ನಿಯಮದ ತಿರುಳೆಲ್ಲ ಆ ಹಂದಿಯಲ್ಲಿದೆ.

ಕರ್ನಾಟಕದಲ್ಲಿ ಈ ವ್ಯವಸ್ಥೆಗೆ ಆಧಾರ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ. ಬೆಂಗಳೂರಿಗೆ ಸಂಬಂಧಿಸಿ, 2007ರಲ್ಲಿ ಒಪ್ಪಿಗೆ ಪಡೆದ ‘ಪರಿಷ್ಕೃತ ಮಹಾಯೋಜನೆ 2015’ ವಸತಿ ವಲಯದ ಮನೆಗಳಲ್ಲೂ ಸಣ್ಣ ಪ್ರಮಾಣದ ಪೂರಕ ಬಳಕೆಗೆ ಅವಕಾಶವಿಟ್ಟಿತು. ಅದನ್ನು ಅಳೆಯಲು ಕೊಟ್ಟ ಎರಡು ಸಂಖ್ಯೆಗಳು: ಕಟ್ಟಡದ ಒಟ್ಟು ವಿಸ್ತೀರ್ಣದ ಶೇ 20 ಮತ್ತು 50 ಚದರ ಮೀಟರ್. 1,500 ಚದರಡಿಯ ಮನೆಗೆ ಶೇ 20 ಎಂದರೆ 300 ಚದರಡಿ. 50 ಚದರ ಮೀಟರ್ ಎಂದರೆ ಸುಮಾರು 538 ಚದರಡಿ. ಇದರ ಮೇಲೆ ಇನ್ನೊಂದು ಗೆರೆ ಬಂತು: ವಸತಿ ಪ್ರದೇಶದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬೇಡ ಎಂಬುದು. ನ್ಯಾಯಾಲಯದಲ್ಲೂ ಬೀದಿಯಲ್ಲೂ ವರ್ಷಗಟ್ಟಲೆ ವಾದಕ್ಕೆ ಕಾರಣವಾದ ಗೆರೆ ಅದು.

ನಲವತ್ತೇ ಏಕೆ? ಲೆಕ್ಕ ಹಾಕಿ ನೋಡೋಣ. 30 ಅಡಿ ಎಂದರೆ 9.1 ಮೀಟರ್. ಎರಡೂ ಬದಿಯ ಚರಂಡಿ, ಕಾಲುದಾರಿಗೆ ಒಂದೂವರೆ ಮೀಟರಿನಂತೆ ಬಿಟ್ಟರೆ ಉಳಿಯುವುದು 6 ಮೀಟರ್. 1.8 ಮೀಟರ್ ಅಗಲದ ಕಾರುಗಳು ಎರಡೂ ಕಡೆ ನಿಂತರೆ ನಡುವೆ ಸಿಗುವ ದಾರಿ ಸುಮಾರು 2.5 ಮೀಟರ್. ಅಗ್ನಿಶಾಮಕ ವಾಹನದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಅದೇ ರಸ್ತೆ 40 ಅಡಿ ಇದ್ದಿದ್ದರೆ ನಡುವೆ ಐದೂವರೆ ಮೀಟರ್ ಉಳಿಯುತ್ತಿತ್ತು. ಎದುರುಬದುರಾಗಿ ಎರಡು ವಾಹನ ಹೋಗಬಹುದಿತ್ತು. ಹತ್ತಡಿಯ ವ್ಯತ್ಯಾಸದಲ್ಲಿ ದಾರಿ ಇಮ್ಮಡಿಗೂ ಹೆಚ್ಚಾಗುತ್ತದೆ.

ಹಾಗಿದ್ದರೂ ರಸ್ತೆ ತುಂಬುವುದು ವೃತ್ತಿಯಿಂದ ವೃತ್ತಿಗೆ ಬೇರೆ. ಇಲ್ಲಿ ಸಹಾಯಕ್ಕೆ ಬರುವುದು ಸರತಿ ಸಾಲುಗಳ ಗಣಿತ. ಅಮೆರಿಕದ ಜಾನ್ ಲಿಟಲ್ 1961ರಲ್ಲಿ ಸಾಧಿಸಿ ತೋರಿಸಿದ ಸೂತ್ರ ಇಷ್ಟು ಸರಳ: ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂದು ತಿಳಿಯಲು, ಗಂಟೆಗೆ ಎಷ್ಟು ಜನ ಬರುತ್ತಾರೋ ಅದನ್ನು ಒಬ್ಬೊಬ್ಬರು ಎಷ್ಟು ಗಂಟೆ ಉಳಿಯುತ್ತಾರೋ ಅದರಿಂದ ಗುಣಿಸಿದರೆ ಸಾಕು. ಬ್ಲೌಸ್ ಹೊಲಿಸಲು ಗಂಟೆಗೆ ಮೂವರು ಬಂದು ಹತ್ತು ನಿಮಿಷ ನಿಂತರೆ, ಯಾವ ಹೊತ್ತಿಗೆ ನೋಡಿದರೂ ಬಾಗಿಲಲ್ಲಿ ಸರಾಸರಿ ಅರ್ಧ ಗಿರಾಕಿ. ಅಷ್ಟೇ ಜಾಗದಲ್ಲಿ ದಂತವೈದ್ಯರು ಕೂತು, ಗಂಟೆಗೆ ಹನ್ನೆರಡು ಜನ ಬಂದು, ಕಾಯುವುದೂ ಸೇರಿ ನಲವತ್ತು ನಿಮಿಷ ಕಳೆದರೆ, ಸದಾ ಎಂಟು ಜನ. ಎಂಟೂ ಜನ ಕಾರಿನಲ್ಲಿ ಬಂದರೆ? ಮೂವತ್ತಡಿಯ ಸೈಟಿನ ಮುಂದೆ ಗೇಟಿಗೆ ಜಾಗ ಬಿಟ್ಟರೆ ನಿಲ್ಲುವುದು ಒಂದೇ ಕಾರು. ಎಂಟು ಮನೆಗಳ ಮುಂಭಾಗ ಒಬ್ಬರ ವೃತ್ತಿಗೆ ಹೋಯಿತು. ಒಳಗಿನ ವಿಸ್ತೀರ್ಣ ಎರಡರದೂ ಒಂದೇ, ರಸ್ತೆಗೆ ಬೀಳುವ ಭಾರ ಹದಿನಾರು ಪಟ್ಟು ಬೇರೆ. ಶೇ 20ರ ನಿಯಮಕ್ಕೆ ಈ ವ್ಯತ್ಯಾಸ ಕಾಣುವುದಿಲ್ಲ.

ಇನ್ನು ಸದ್ದು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45. ವಾಣಿಜ್ಯ ಪ್ರದೇಶಕ್ಕೆ ಎರಡರಲ್ಲೂ ಹತ್ತು ಹೆಚ್ಚು. ಹತ್ತು ಎಂದರೆ ಸ್ವಲ್ಪವೇ ಅನ್ನಿಸುತ್ತದೆ. ಆದರೆ ಡೆಸಿಬೆಲ್ ಏಣಿಯಲ್ಲಿ ಹತ್ತು ಮೆಟ್ಟಿಲು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಅದು ಸುಮಾರು ಇಮ್ಮಡಿಯಾಗಿ ಕೇಳುತ್ತದೆ. ಮಿತಿಯನ್ನು 10 ಡೆಸಿಬೆಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದೆಂದು ಆ ನಿಯಮಗಳೇ ಹೇಳುತ್ತವೆ.

ಮೂಲೆಮನೆಯ ಗಿರಣಿಯ ಹತ್ತಿರ, ಒಂದು ಮೀಟರ್ ದೂರದಲ್ಲಿ, 85 ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳಿ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಎರಡು ಮೀಟರಿಗೆ 79, ನಾಲ್ಕಕ್ಕೆ 73, ಎಂಟು ಮೀಟರ್ ಆಚೆ ಪಕ್ಕದ ಮನೆಯ ಕಿಟಕಿಯಲ್ಲಿ 67. ಶೆಡ್ಡಿನ ಶಟರ್ ತೆರೆದಿದ್ದರೆ ಹಗಲಿನ ಮಿತಿಗಿಂತ 12 ಹೆಚ್ಚು. ಯಂತ್ರವನ್ನು ಇಟ್ಟಿಗೆ ಗೋಡೆಯ ಕೋಣೆಗೆ ಸಾಗಿಸಿದರೆ? ಗಾರೆ ಬಳಿದ ಒಂಬತ್ತಿಂಚಿನ ಗೋಡೆ ಸುಮಾರು 50 ಡೆಸಿಬೆಲ್ ತಡೆಯಬಲ್ಲದು. ಆದರೆ ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ಸಂದು ಇದ್ದರೂ, ಗೋಡೆ ಎಷ್ಟೇ ದಪ್ಪವಿರಲಿ, ತಡೆ 20 ಡೆಸಿಬೆಲ್ ದಾಟುವುದಿಲ್ಲ. ನೂರರಲ್ಲಿ ಒಂದು ಪಾಲು ಶಕ್ತಿ ಸಂದಿನಿಂದಲೇ ಸೋರಿಹೋಗುತ್ತದಲ್ಲ! ಕದ ಮುಚ್ಚಿದರೂ ಅದರ ಕೆಳಗಿನ ಸಂದು ಲೆಕ್ಕಕ್ಕೆ ಬರುವುದು ಹೀಗೆ. ಆ ಸಂದನ್ನು ಒಪ್ಪಿಕೊಂಡರೂ 67 ಇಳಿದು 47 ಆಗುತ್ತದೆ. ಹಗಲಿಗೆ ಧಾರಾಳ, ರಾತ್ರಿಯ ಮಿತಿಗೆ ಮಾತ್ರ ಇನ್ನೂ ಎರಡು ಹೆಚ್ಚು.

ವಾಸನೆಯ ಲೆಕ್ಕ ಇಷ್ಟು ಸಲೀಸಲ್ಲ. ಎಣ್ಣೆ ಹೊಗೆಯಾಡುವಷ್ಟು ಕಾದರೆ ಅದರಲ್ಲಿನ ಗ್ಲಿಸರಾಲ್ ಒಡೆದು ಅಕ್ರೋಲೀನ್ ಹುಟ್ಟುತ್ತದೆ. ಕಣ್ಣು ಉರಿಸುವ ಕಮಟು ಅದರದ್ದು. ಒಂದೇ ವಾಸನೆಯಲ್ಲಿ ಕೆಲವು ನಿಮಿಷ ಇದ್ದರೆ ಮೂಗು ಒಗ್ಗಿಹೋಗುತ್ತದೆ. ಬಾಣಲೆಯ ಮುಂದೆ ಕೂತವರಿಗೆ ಗೊತ್ತೇ ಆಗದ ಘಾಟು ಗಾಳಿ ಬೀಸಿದಾಗಲೆಲ್ಲ ಎದುರುಮನೆಗೆ ಹೊಸದಾಗಿ ಬಡಿಯುತ್ತದೆ. “ಎಲ್ಲಿದೆ ವಾಸನೆ?” ಎಂದು ಚಕ್ಕುಲಿ ಮಾಡುವವರು ಕೇಳಿದರೆ ಅವರು ಸುಳ್ಳು ಹೇಳುತ್ತಿಲ್ಲ. ಎದುರುಮನೆಯವರೂ ಸುಳ್ಳು ಹೇಳುತ್ತಿಲ್ಲ.

ಕೆಲವು ತೊಂದರೆಗಳು ಗೋಡೆ ದಾಟುವುದೇ ಇಲ್ಲ, ಗೋಡೆಯನ್ನೇ ಕಾಡುತ್ತವೆ. ಭಾರತೀಯ ಮಾನಕದಂತೆ ವಾಸದ ಕೋಣೆಯ ನೆಲವನ್ನು ಚದರ ಮೀಟರಿಗೆ ಸುಮಾರು 200 ಕಿಲೋ ಭಾರಕ್ಕೆ ವಿನ್ಯಾಸ ಮಾಡುತ್ತಾರೆ. ಒಂದು ಮೀಟರ್ ಎತ್ತರಕ್ಕೆ ಒತ್ತೊತ್ತಾಗಿ ಪೇರಿಸಿದ ಪುಸ್ತಕ ಅದರ ಮೂರು ಪಟ್ಟು ತೂಗುತ್ತದೆ. ಮಹಡಿಯ ಕೋಣೆಯನ್ನು ಗೋದಾಮು ಮಾಡಿದವರಿಗೆ ಈ ಲೆಕ್ಕ ತಿಳಿದಿರಬೇಕು. ವಿದ್ಯುತ್ತಿನದೂ ಹಾಗೆಯೇ: ತಂತಿಯಲ್ಲಿ ಹರಿಯುವ ವಿದ್ಯುತ್ ಇಮ್ಮಡಿಯಾದರೆ ತಂತಿ ಕಾಯುವುದು ನಾಲ್ಕು ಪಟ್ಟು.

ಹಾಗಾದರೆ ಹೊರಗೆ ಬರುವುದನ್ನೇ ನೇರವಾಗಿ ಅಳೆದು ನಿಯಮ ಮಾಡಬಹುದಲ್ಲ? ಯೋಚನೆ ಹೊಸದಲ್ಲ. ಕಾರ್ಖಾನೆಯನ್ನು ಅದರ ಹೆಸರಿನಿಂದ ವಿಂಗಡಿಸದೆ, ಅದು ಹೊರಹಾಕುವ ಸದ್ದು, ಹೊಗೆ, ಕಂಪನದಿಂದ ವಿಂಗಡಿಸಬೇಕೆಂದು ಡೆನಿಸ್ ಒ’ಹ್ಯಾರೋ 1951ರಲ್ಲೇ ಅಮೆರಿಕದಲ್ಲಿ ವಾದಿಸಿದರು. ಜಪಾನು ನಡುದಾರಿ ಹಿಡಿಯಿತು. ಅಲ್ಲಿನ ಅತಿ ಬಿಗಿಯಾದ ವಸತಿ ವಲಯದಲ್ಲೂ ಮನೆಯ ಅರ್ಧಕ್ಕಿಂತ ಕಡಿಮೆ, 50 ಚದರ ಮೀಟರ್ ಮೀರದಷ್ಟು ಜಾಗದಲ್ಲಿ ಸಣ್ಣ ಅಂಗಡಿಯನ್ನೋ ಕಚೇರಿಯನ್ನೋ ಇಡಬಹುದು. ಜಪಾನೂ ಕೊನೆಗೆ ಟೇಪನ್ನು ಕೈಬಿಡಲಿಲ್ಲ.

ಅದಕ್ಕೆ ಕಾರಣವಿದೆ. ಕೋಣೆಯ ಉದ್ದಗಲ ಒಮ್ಮೆ ಅಳೆದರೆ ವರ್ಷಗಟ್ಟಲೆ ಬದಲಾಗುವುದಿಲ್ಲ. ರಸ್ತೆಯ ಅಗಲ ನಕ್ಷೆಯಲ್ಲೇ ಇದೆ. ಸದ್ದು ಹಾಗಲ್ಲ. ಅದನ್ನು ಹಿಡಿಯಲು ಸರಿಯಾದ ಹೊತ್ತಿಗೆ, ಸರಿಯಾದ ಕಿಟಕಿಯ ಬಳಿ ಮೀಟರ್ ಹಿಡಿದು ನಿಲ್ಲಬೇಕು. ಅಧಿಕಾರಿಯ ಜೀಪು ತಿರುವಿನಲ್ಲಿ ಕಂಡರೆ ಗಿರಣಿ ನಿಂತುಬಿಡುತ್ತದೆ. ಲಕ್ಷಾಂತರ ಮನೆಗಳ ನಗರದಲ್ಲಿ ಪ್ರತಿ ಮನೆಯ ಮುಂದೆ ಹೀಗೆ ಕಾಯಲಾಗದು. ಆದ್ದರಿಂದ ನಿಯಮ ಅಳೆಯಬೇಕಾದದ್ದನ್ನು ಬಿಟ್ಟು, ಅಳೆಯಲು ಬರುವುದನ್ನು ಅಳೆಯುತ್ತದೆ. ಇದರ ಬೆಲೆಯನ್ನು ಎರಡು ಕಡೆಯೂ ತೆರಬೇಕು. ಮುನ್ನೂರು ಚದರಡಿಯೊಳಗೆ ಅಬ್ಬರಿಸುವ ಗಿರಣಿ ಟೇಪಿನ ಪರೀಕ್ಷೆಯಲ್ಲಿ ಪಾಸಾಗಿಬಿಡಬಹುದು. ಇಡೀ ಮಹಡಿಯಲ್ಲಿ ನಾಲ್ವರು ಗೆಳೆಯರನ್ನು ಕೂರಿಸಿಕೊಂಡು ಮೌನವಾಗಿ ಲೆಕ್ಕ ಬರೆಯುವ ಹುಡುಗ ನಪಾಸಾಗಬಹುದು.

ಒಂದು ಬೀದಿಗೆ ಈ ಕಷ್ಟವಿಲ್ಲ. ಅಲ್ಲಿ ಮೀಟರುಗಳು ದಿನವಿಡೀ ಮನೆಮನೆಯಲ್ಲೂ ಕೆಲಸ ಮಾಡುತ್ತಿರುತ್ತವೆ. ಎದುರುಮನೆಯವರ ಕಿವಿ, ಮೂಗುಗಳೇ ಅವು. ಮೇಲಿನ ಲೆಕ್ಕದಂತೆ ಗಿರಣಿಯನ್ನು ಶೆಡ್ಡಿನಿಂದ ಒಳಕೋಣೆಗೆ ಸಾಗಿಸಿ, ನೆಲಕ್ಕೆ ಕಂಪನ ಇಳಿಯದಂತೆ ಅಡಿಗೆ ದಪ್ಪ ರಬ್ಬರು ಹಾಸಿ, ಕದ ಮುಚ್ಚಿದರೆ ಹಗಲಿನ ಜಗಳ ಹೆಚ್ಚುಕಡಿಮೆ ತೀರುತ್ತದೆ. ರಾತ್ರಿಗೆ ಉಳಿದ ಆ ಎರಡು ಡೆಸಿಬೆಲ್‌ಗೆ ಗೋಡೆಯಲ್ಲಿ ಮದ್ದು ಹುಡುಕಬೇಕಿಲ್ಲ. ‘ಸಂಜೆ ಏಳರವರೆಗೆ ಮಾತ್ರ’ ಎಂದು ಬರೆದ ಒಂದು ರಟ್ಟು ಬಾಗಿಲಲ್ಲಿ ತೂಗಿದರೆ ಸಾಕು.